ಮನೆಯಲ್ಲಿರೋ ರೋಗಿಗೆ ಊಟ: ಬಾಯಿಯಾ, ಮೂಗಿನ ಪೈಪಾ, ಹೊಟ್ಟೆ ಪೈಪಾ? ಗಂಜಿಯಾ, ಡಬ್ಬದ ಪುಡಿಯಾ?

ಡಿಸ್ಚಾರ್ಜ್ ದಿನ ಆಸ್ಪತ್ರೆಯಿಂದ ಕೈಗೆ ಬರೋ ಕಾಗದದಲ್ಲಿ ಮಾತ್ರೆಗಳ ಪಟ್ಟಿ ಉದ್ದಕ್ಕಿರುತ್ತದೆ. ಊಟದ ಬಗ್ಗೆ ಮಾತ್ರ ಒಂದೇ ಸಾಲು: ‘ಆರ್‌ಟಿ ಫೀಡ್ 200 ಎಂಎಲ್, ಎರಡು ಗಂಟೆಗೊಮ್ಮೆ’. ಆರ್‌ಟಿ ಫೀಡ್ ಅಂದರೆ ಮೂಗಿನ ಪೈಪಿನಲ್ಲಿ ಕೊಡುವ ಆಹಾರ. ಏನು 200 ಎಂಎಲ್? ನೀರಾ, ಹಾಲಾ, ಗಂಜಿಯಾ? ಎಷ್ಟು ದಿನ? ಯಾರು ಕೊಡಬೇಕು? ಬರೆದಿರುವುದಿಲ್ಲ. ಆ ಒಂದು ಸಾಲನ್ನೇ ಹಿಡಿದುಕೊಂಡು ತಿಂಗಳುಗಟ್ಟಲೆ ನಡೆಸುವ ಮನೆಗಳು ಬೆಂಗಳೂರಿನಲ್ಲಿ ತುಂಬಾ ಇವೆ. ನಾನು ಮನೆಗಳಿಗೇ ಹೋಗಿ ರೋಗಿಗಳ ಆಹಾರ ನೋಡುವ ಡಯಟೀಷಿಯನ್, ದಿನಾ ಕಾಣುವುದು ಇದನ್ನೇ.

ಹತ್ತು ಹದಿನೈದು ವರ್ಷದ ಹಿಂದೆ ಮನೆಗಳಲ್ಲಿ ಇಷ್ಟೊಂದು ಆಯ್ಕೆ ಕಾಣುತ್ತಿರಲಿಲ್ಲ. ಮೂಗಿನಲ್ಲಿ ಪೈಪ್, ರಾಗಿ ಗಂಜಿ, ಮುಗೀತು. ಈಗ ನೇರ ಹೊಟ್ಟೆಗೆ ಹಾಕುವ ಪೆಗ್ ಅನ್ನುವ ಪೈಪ್ ಇದೆ, ಸಕ್ಕರೆ ಕಾಯಿಲೆಗೊಂದು ಕಿಡ್ನಿಗೊಂದು ಅಂತ ಬೇರೆ ಬೇರೆ ಪೋಷಣೆ ಪುಡಿಗಳಿವೆ, ಮನೆಗೆ ಬರುವ ನರ್ಸ್ ಇದ್ದಾರೆ, ವಿಡಿಯೋ ಕಾಲ್‌ನಲ್ಲಿ ಸಲಹೆ ಸಿಗುತ್ತದೆ. ಆಸ್ಪತ್ರೆಗಳೂ ಮೊದಲಿಗಿಂತ ಬೇಗ ಮನೆಗೆ ಕಳಿಸುತ್ತವೆ. ಹಾಗಾಗಿ ಆರಿಸುವ ಭಾರ ಮನೆಯವರ ತಲೆ ಮೇಲೆ ಬಂದಿದೆ.

ನನ್ನ ಅನುಭವದಲ್ಲಿ ಬಹಳ ಜನ ಉಲ್ಟಾ ಶುರು ಮಾಡುತ್ತಾರೆ. ಮೊದಲು ಮೆಡಿಕಲ್ ಶಾಪಿಗೆ ಹೋಗಿ ಡಬ್ಬ ತರುತ್ತಾರೆ, ಆಮೇಲೆ ಉಳಿದದ್ದು ಯೋಚಿಸುತ್ತಾರೆ. ಮೊದಲು ಯಾವ ದಾರಿ ಅಂತ ಗೊತ್ತಾಗಲಿ, ಆಮೇಲೆ ಯಾವ ಆಹಾರ, ಆಮೇಲೆ ಯಾರ ಕೈ. ಈ ಮೂರೂ ಒಂದಕ್ಕೊಂದು ಹೊಂದಿದರೆ ಮಾತ್ರ ಇದು ನಡೆಯುತ್ತದೆ. ನಿಮ್ಮ ಮನೆಯಲ್ಲಿ ಹಗಲೂ ಸಂಜೆಯೂ ತಪ್ಪದೆ ಮಾಡೋಕೆ ಆಗದ ಆಯ್ಕೆ ಎಷ್ಟೇ ಒಳ್ಳೆಯದಾದರೂ ನಿಮಗೆ ಒಳ್ಳೆಯದಲ್ಲ.

ನುಂಗೋಕೆ ಆಗುತ್ತಾ?

ನುಂಗೋಕೆ ಆಗುತ್ತೆ ಅಂದರೆ ಬಾಯಿಗಿಂತ ಒಳ್ಳೆಯ ದಾರಿ ಇಲ್ಲ. ಆದರೆ ‘ನುಂಗುತ್ತಾರೆ’ ಅನ್ನುವುದೂ ‘ಸುರಕ್ಷಿತವಾಗಿ ನುಂಗುತ್ತಾರೆ’ ಅನ್ನುವುದೂ ಬೇರೆ. ನೀರು ಕುಡಿದ ತಕ್ಷಣ ಕೆಮ್ಮು, ಊಟ ಆದಮೇಲೆ ದನಿ ಗೊರಗೊರ ಅನ್ನುವುದು, ತುತ್ತು ಕೆನ್ನೆಯಲ್ಲೇ ಉಳಿಯುವುದು, ಪದೇ ಪದೇ ಜ್ವರ ಮತ್ತು ನ್ಯುಮೋನಿಯಾ: ಇದರಲ್ಲಿ ಯಾವುದಾದರೂ ಇದ್ದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಹೋಗುತ್ತದೆ. ಅದಕ್ಕೇ ಸ್ಪೀಚ್ ಥೆರಪಿಸ್ಟ್ ಹತ್ತಿರ ನುಂಗುವ ಪರೀಕ್ಷೆ ಮಾಡಿಸಲೇಬೇಕು. ಮಾತು ಕಲಿಸುವವರು ಊಟಕ್ಕೆ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ನುಂಗುವುದನ್ನು ನೋಡಿ ತರಬೇತಿ ಕೊಡುವುದೂ ಅವರ ಕೆಲಸವೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ ಈ ವಿಭಾಗ ಇರುತ್ತದೆ, ಮೈಸೂರು ಕಡೆಯವರಿಗೆ ವಾಕ್ ಶ್ರವಣ ಸಂಸ್ಥೆ ಇದೆ.

ಪರೀಕ್ಷೆಯಲ್ಲಿ ‘ಸ್ವಲ್ಪ ಗಟ್ಟಿ ಮಾಡಿ ಕೊಡಿ’ ಅಂದರೆ ಎಷ್ಟು ಗಟ್ಟಿ ಅಂತ ಕೇಳಿ. ಇದಕ್ಕೆ ಈಗ ಜಗತ್ತಿನಾದ್ಯಂತ ಒಂದೇ ಅಳತೆ ಇದೆ, ಸೊನ್ನೆಯಿಂದ ಏಳರವರೆಗೆ ಹಂತಗಳು. ದ್ರವಕ್ಕಾದರೆ ಮನೆಯಲ್ಲೇ ನೋಡಬಹುದು. ಹತ್ತು ಎಂಎಲ್ ಸಿರಿಂಜ್‌ನ ಹಿಂದಿನ ಕಡ್ಡಿ ತೆಗೆದು, ಕೆಳಗಿನ ತುದಿಗೆ ಬೆರಳಿಟ್ಟು, 10ರ ಗೆರೆಯವರೆಗೆ ಗಂಜಿ ತುಂಬಿಸಿ. ಬೆರಳು ತೆಗೆದು 10 ಸೆಕೆಂಡ್ ಆದಮೇಲೆ ಮತ್ತೆ ಮುಚ್ಚಿ. ಒಳಗೆ 1ರಿಂದ 4 ಎಂಎಲ್ ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, 8ಕ್ಕಿಂತ ಜಾಸ್ತಿ ಉಳಿದರೆ ಹಂತ 3. ಸೊಸೆ ಮಾಡಿದರೆ ಒಂದು ಹದ, ಅಟೆಂಡರ್ ಮಾಡಿದರೆ ಇನ್ನೊಂದು ಹದ ಅನ್ನುವ ತಾಪತ್ರಯ ಇದರಿಂದ ತಪ್ಪುತ್ತದೆ.

ಇನ್ನೊಂದು ಮಾತು, ಮುದ್ದೆಯದ್ದು. ‘ಅಪ್ಪ ಜೀವಮಾನ ಪೂರ್ತಿ ಮುದ್ದೆ ತಿಂದವರು, ಅದು ಮೆತ್ತಗಿದೆ ಅಲ್ವಾ’ ಅಂತ ಸ್ಟ್ರೋಕ್ ಆದವರಿಗೆ ಕೊಡಲು ಹೋಗುತ್ತಾರೆ. ಮುದ್ದೆ ಅಗಿಯುವ ಪದಾರ್ಥವಲ್ಲ, ಇಡೀ ತುತ್ತನ್ನು ಒಂದೇ ಸಲ ನುಂಗಬೇಕು, ಮೇಲಾಗಿ ಅಂಟು. ನುಂಗುವುದೇ ಕಷ್ಟ ಇರುವವರಿಗೆ ಅದು ಅಪಾಯ. ಥೆರಪಿಸ್ಟ್ ಸರಿ ಅನ್ನುವವರೆಗೆ ಬೇಡ.

ನುಂಗುವುದು ಸರಿ ಇದೆ, ತಿನ್ನುವುದು ಕಮ್ಮಿ ಅಂದರೆ ಪೈಪ್ ಬಗ್ಗೆ ಯೋಚಿಸುವ ಮೊದಲು ತಿನ್ನುತ್ತಿರುವುದರ ಶಕ್ತಿ ಹೆಚ್ಚಿಸಿ. ಅದೇ ಎರಡು ಇಡ್ಲಿಗೆ ಒಂದು ಚಮಚ ತುಪ್ಪ, ಅನ್ನಕ್ಕೆ ತಿಳಿಸಾರಿನ ಬದಲು ಗಟ್ಟಿ ಬೇಳೆ, ಮಜ್ಜಿಗೆಯ ಬದಲು ಮೊಸರು. ಅದರ ಮೇಲೂ ಸಾಲದಿದ್ದರೆ ಪುಡಿ ಬೆರೆಸಿದ ಹಾಲು ಅಥವಾ ರೆಡಿ ಬಾಟಲಿ. ಅದನ್ನು ಎರಡು ಊಟದ ಮಧ್ಯೆ ಕೊಡಿ, ಊಟದ ಜಾಗದಲ್ಲಿ ಅಲ್ಲ. ಅಂಗಡಿಯಲ್ಲಿ ‘ಶಕ್ತಿಗೆ’ ಅಂತ ಕೊಡುವ ಚಾಕೊಲೇಟ್ ಪುಡಿಗಳು ಈ ಸಾಲಿಗೆ ಸೇರುವುದಿಲ್ಲ, ಅದರಲ್ಲಿ ಸಕ್ಕರೆಯೇ ಜಾಸ್ತಿ. 2024ರಲ್ಲಿ ಕೇಂದ್ರ ಸರ್ಕಾರವೇ ಇಂಥ ಪಾನೀಯಗಳನ್ನು ಹೆಲ್ತ್ ಡ್ರಿಂಕ್ ಅನ್ನೋ ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು.

ಮೂಗಿನ ಪೈಪ್, ಹೊಟ್ಟೆ ಪೈಪ್

ಮೂಗಿನ ಪೈಪನ್ನು ಎಲ್ಲರೂ ರೈಲ್ಸ್ ಟ್ಯೂಬ್ ಅಂತಾರೆ. 1921ರಲ್ಲಿ ಜಾನ್ ರೈಲ್ ಅನ್ನುವ ಬ್ರಿಟಿಷ್ ವೈದ್ಯರು ತಂದದ್ದು, ಅವರ ಹೆಸರೇ ಉಳಿದಿದೆ. ಹಾಕುವುದು ಸುಲಭ, ಖರ್ಚು ಕಮ್ಮಿ, ಬೇಡವೆಂದಾಗ ತೆಗೆಯಬಹುದು. ಕೆಲವೇ ವಾರಗಳ ಮಾತಾದರೆ ಇದೇ ಸರಿ. ಉದಾಹರಣೆಗೆ ಬಾಯಿ, ಗಂಟಲು ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಳ್ಳುವವರು. ಚಿಕಿತ್ಸೆ ಸಾಮಾನ್ಯವಾಗಿ ಆರೇಳು ವಾರ, ಎರಡು ಮೂರನೇ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ ನೀರೂ ಇಳಿಯುವುದಿಲ್ಲ. ಅವರು ಪೈಪ್ ಇದ್ದರೂ ಡಾಕ್ಟರ್ ಒಪ್ಪಿದ ಮಟ್ಟಿಗೆ ಗುಟುಕು ಗುಟುಕು ನುಂಗುತ್ತಲೇ ಇರಬೇಕು, ಇಲ್ಲದಿದ್ದರೆ ನುಂಗುವ ಸ್ನಾಯುಗಳು ಸೋಲುತ್ತವೆ.

ನಾಲ್ಕರಿಂದ ಆರು ವಾರ ದಾಟುತ್ತದೆ ಅನ್ನಿಸಿದರೆ ಪೆಗ್ ಬಗ್ಗೆ ಕೇಳಿ. ಎಂಡೋಸ್ಕೋಪಿ ಮೂಲಕ ಹೊಟ್ಟೆಯ ಗೋಡೆಗೆ ಸಣ್ಣ ರಂಧ್ರ ಮಾಡಿ ಹಾಕುವ ಪೈಪ್ ಇದು. 1980ರಲ್ಲಿ ಅಮೆರಿಕದ ಗಾಡೆರರ್ ಮತ್ತು ಪೊನ್ಸ್ಕಿ ಈ ವಿಧಾನ ಪ್ರಕಟಿಸಿದರು, ಅಂದರೆ ಹೊಸದೇನಲ್ಲ. ನಮ್ಮಲ್ಲಿ ತಡೆಯುವುದು ಮಾತು: ‘ಈ ವಯಸ್ಸಿನಲ್ಲಿ ಹೊಟ್ಟೆ ಕೊಯ್ಯಿಸ್ತೀರಾ?’ ನೆಂಟರು ಬಂದು ಹೀಗೆ ಹೇಳಿದ ಮೇಲೆ ಮಕ್ಕಳು ಹಿಂದೆ ಸರಿಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಸಾಮಾನ್ಯವಾಗಿ ಮಂಪರು ಕೊಟ್ಟು ಮಾಡುವ ಸಣ್ಣ ಪ್ರಕ್ರಿಯೆ. ನುಂಗುವ ಶಕ್ತಿ ಮರಳಿದರೆ ತೆಗೆಯುತ್ತಾರೆ, ರಂಧ್ರ ತಾನಾಗಿ ಮುಚ್ಚಿಕೊಳ್ಳುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾಮೂಲಿ ಪಿವಿಸಿ ಮೂಗಿನ ಪೈಪನ್ನು ವಾರ ಹತ್ತು ದಿನಕ್ಕೆ ಬದಲಿಸಬೇಕು. ಸಿಲಿಕೋನ್ ಅಥವಾ ಪಾಲಿಯುರೆಥೇನ್ ಆದರೆ ನಾಲ್ಕಾರು ವಾರ ಬರುತ್ತದೆ, ಬೆಲೆ ಜಾಸ್ತಿ, ಆದರೂ ಕೇಳಿ ಹಾಕಿಸಿಕೊಳ್ಳಿ. ಪ್ರತಿ ಬದಲಾವಣೆಗೂ ಯಲಹಂಕದಿಂದ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಹೋಗಿ ಬರುವುದನ್ನು ಲೆಕ್ಕ ಹಾಕಿದರೆ ಆ ಬೆಲೆ ದೊಡ್ಡದಲ್ಲ. ಮೂಗಿನ ಒಳಗೆ ಹುಣ್ಣಾಗುತ್ತದೆ. ರೋಗಿ ಎಳೆದುಬಿಡುತ್ತಾರೆ, ಎಳೆಯಬಾರದು ಅಂತ ಕೈ ಕಟ್ಟುತ್ತಾರೆ. ಕೈ ಕಟ್ಟಿಸಿಕೊಂಡು ಮಲಗಿರುವ ಅಜ್ಜಿಯನ್ನು ನೋಡುವುದು ನನಗೆ ತುಂಬಾ ಕಷ್ಟ, ಅಂಥ ಮನೆಯಲ್ಲಿ ನಾನು ಪೆಗ್ ಮಾತನ್ನು ಅವತ್ತೇ ಎತ್ತುತ್ತೇನೆ. ಪೆಗ್ ಶರ್ಟಿನ ಒಳಗೆ ಮರೆಯಾಗುತ್ತದೆ. ಮುಖದ ಮೇಲೆ ಪೈಪ್ ಇದೆ ಅಂತ ಬಾಲ್ಕನಿಗೂ ಬಾರದಿದ್ದವರು ಪೆಗ್ ಆದಮೇಲೆ ಸಂಜೆ ಪಾರ್ಕಿಗೆ ಹೋಗುತ್ತಾರೆ.

ಪೆಗ್‌ಗೂ ತನ್ನದೇ ತೊಂದರೆಗಳಿವೆ. ರಂಧ್ರದ ಸುತ್ತ ಸೋಂಕಾಗಬಹುದು, ದಿನಾ ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಸ್ಟ್ರೋಕ್ ಆದವರು ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದರೆ ಅದನ್ನು ಮೊದಲೇ ಹೇಳಬೇಕು. ಪೈಪ್ ಕಳಚಿ ಬಂದರೆ ಕೆಲವೇ ಗಂಟೆಗಳಲ್ಲಿ ರಂಧ್ರ ಮುಚ್ಚತೊಡಗುತ್ತದೆ, ಬೆಳಗಾಗಲಿ ಅಂತ ಕಾಯಬೇಡಿ. ಹಾಕಿ ಇನ್ನೂ ಒಂದು ತಿಂಗಳಾಗಿಲ್ಲ ಅಂದರೆ ಮನೆಯಲ್ಲಿ ವಾಪಸ್ ತೂರಿಸಲು ಹೋಗಲೇಬೇಡಿ. ಇನ್ನು ‘ಪೆಗ್ ಹಾಕಿಸಿದರೆ ನ್ಯುಮೋನಿಯಾ ಬರಲ್ಲ’ ಅನ್ನುವುದು ಸುಳ್ಳು. ಹೊಟ್ಟೆಯಿಂದ ಮೇಲೆ ಬರುವುದನ್ನು, ಎಂಜಲು ಒಳಗೆ ಹೋಗುವುದನ್ನು ಯಾವ ಪೈಪೂ ತಡೆಯುವುದಿಲ್ಲ. ಎರಡರಲ್ಲೂ ತಲೆ ಕಡೆ 30ರಿಂದ 45 ಡಿಗ್ರಿ ಎತ್ತರಿಸಿರಬೇಕು, ಕೊಟ್ಟಾದ ಮೇಲೂ ಕನಿಷ್ಠ ಅರ್ಧ ಗಂಟೆಯಿಂದ ಒಂದು ಗಂಟೆ.

ಸ್ಟ್ರೋಕ್ ಆದವರ ವಿಷಯದಲ್ಲಿ ಅವಸರವೂ ಬೇಡ, ಮರೆವೂ ಬೇಡ. ಎಷ್ಟೋ ಜನಕ್ಕೆ ಮೊದಲ ಕೆಲವು ವಾರಗಳಲ್ಲೇ ನುಂಗುವ ಶಕ್ತಿ ಮರಳುತ್ತದೆ. ಆದರೆ ಯಾರೂ ಮತ್ತೆ ಪರೀಕ್ಷೆ ಮಾಡಿಸದ ಕಾರಣಕ್ಕೆ ಪೈಪ್ ಉಳಿದುಬಿಡುತ್ತದೆ. ತಿಂಗಳಿಗೊಮ್ಮೆ ‘ಈಗ ನುಂಗಬಹುದಾ ನೋಡಿ’ ಅಂತ ನೀವೇ ಕೇಳಬೇಕು.

ಗಂಜಿಯಾ, ಡಬ್ಬದ ಪುಡಿಯಾ?

ಜಗಳ ಇರುವುದೇ ಇಲ್ಲಿ. ಒಂದು ಕಡೆ ‘ಪುಡಿ ಕೆಮಿಕಲ್, ಮನೆ ಗಂಜಿಯೇ ಸರಿ’ ಅನ್ನುವ ಅತ್ತೆ. ಇನ್ನೊಂದು ಕಡೆ ‘ಡಬ್ಬದಲ್ಲಿ ಎಲ್ಲಾ ಇದೆ’ ಅನ್ನುವ ಮಗ. ಇಬ್ಬರೂ ಅರ್ಧ ಸರಿ.

ಲೆಕ್ಕ ಹಾಕೋಣ. ಹಾಸಿಗೆಯಲ್ಲಿರುವ 50 ಕೆಜಿ ತೂಕದ ಹಿರಿಯರಿಗೆ ದಿನಕ್ಕೆ ಕೆಜಿಗೆ 25–30 ಕ್ಯಾಲೊರಿ, ಅಂದರೆ 1,250ರಿಂದ 1,500. ಪ್ರೋಟೀನ್ ಕೆಜಿಗೆ ಒಂದು ಗ್ರಾಂನಿಂದ ಒಂದೂಕಾಲು ಅಂದರೂ 50–60 ಗ್ರಾಂ ಬೇಕು, ಗಾಯ ಅಥವಾ ಬೆಡ್‌ಸೋರ್ (ಮಲಗಿ ಮಲಗಿ ಆಗುವ ಹುಣ್ಣು) ಇದ್ದರೆ ಇನ್ನೂ ಜಾಸ್ತಿ. ಈಗ ನೀರಿನಲ್ಲಿ ಕಾಯಿಸಿದ ಗಂಜಿ ನೋಡಿ. 200 ಎಂಎಲ್‌ಗೆ ಸುಮಾರು 20 ಗ್ರಾಂ ರಾಗಿ ಹಿಟ್ಟು ಬಿದ್ದರೆ 65 ಕ್ಯಾಲೊರಿ. ದಿನಕ್ಕೆ ಆರು ಸಲ ಕೊಟ್ಟರೂ 400 ದಾಟುವುದಿಲ್ಲ. ಹೊಟ್ಟೆ ತುಂಬಿರುತ್ತದೆ, ಮನುಷ್ಯ ಸೊರಗುತ್ತಿರುತ್ತಾರೆ. ಮೇಲಿಂದ ಪೈಪ್ ಕಟ್ಟಿಕೊಳ್ಳದಿರಲಿ ಅಂತ ಇನ್ನಷ್ಟು ನೀರು ಹಾಕಿ ಬಟ್ಟೆಯಲ್ಲಿ ಸೋಸುತ್ತಾರೆ, ಬಟ್ಟೆಯಲ್ಲಿ ಉಳಿದದ್ದು ಕಸಕ್ಕೆ ಹೋಗುತ್ತದೆ. ಬೇಳೆ ಕಟ್ಟಿನದ್ದೂ ಇದೇ ಕತೆ: ಮೇಲಿನ ತಿಳಿಯಲ್ಲಿ ಪ್ರೋಟೀನ್ ತೀರಾ ಕಮ್ಮಿ, ಅದು ಇರುವುದು ತಳದಲ್ಲಿರುವ ಬೇಳೆಯಲ್ಲಿ.

ಹಾಗಂತ ಗಂಜಿ ಬಿಡಬೇಕಾಗಿಲ್ಲ, ಗಂಜಿಯನ್ನು ಸರಿ ಮಾಡಿಕೊಳ್ಳಬೇಕು. 150 ಎಂಎಲ್ ಟೋನ್ಡ್ ಹಾಲು (ನಂದಿನಿ ನೀಲಿ ಪ್ಯಾಕೆಟ್ ಸಾಕು), 20 ಗ್ರಾಂ ಮೊಳಕೆ ರಾಗಿ ಹಿಟ್ಟು, ಒಂದು ಟೀ ಚಮಚ ಎಣ್ಣೆ, ಎರಡು ಟೀ ಚಮಚ ಸಕ್ಕರೆ. ಬೇಯಿಸಿ 200 ಎಂಎಲ್ ಮಾಡಿಕೊಂಡರೆ ಸುಮಾರು 230 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಆರು ಸಲಕ್ಕೆ 1,400 ಹತ್ತಿರ. ಪ್ರೋಟೀನ್ ಇನ್ನೂ ಸಾಲದು, 36 ಗ್ರಾಂ ಆಯಿತು. ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಹುರಿಗಡಲೆ 15 ಗ್ರಾಂ ಸೇರಿಸಿದರೆ ಪ್ರತಿ ಸಲಕ್ಕೆ ಮೂರು ಗ್ರಾಂ ಏರುತ್ತದೆ. ಅದು ಗಂಜಿಯನ್ನು ಗಟ್ಟಿಯಾಗಿಸುತ್ತದೆ ಅನ್ನುವವರು ಪ್ರೋಟೀನ್ ಪುಡಿ ಬೆರೆಸಬಹುದು, ಜನೌಷಧಿ ಕೇಂದ್ರಗಳಲ್ಲೂ ಸಿಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಬೇಡ, ಎಣ್ಣೆ ಜಾಸ್ತಿ ಮಾಡಿ.

ಮೊಳಕೆ ರಾಗಿಯನ್ನೇ ಯಾಕೆ ಹೇಳಿದೆ ಅಂದರೆ, ಮೊಳಕೆ ಬಂದಾಗ ಕಾಳಿನಲ್ಲಿ ಪಿಷ್ಟ ಒಡೆಯುವ ಕಿಣ್ವ ಹುಟ್ಟುತ್ತದೆ. ಮಾಮೂಲಿ ಹಿಟ್ಟಿನ ಗಟ್ಟಿ ಗಂಜಿ ಕುದಿ ಇಳಿದು ಬೆರಳಿಗೆ ತಾಳುವಷ್ಟು ಬಿಸಿಯಾದಾಗ ಒಂದು ಚಮಚ ಮೊಳಕೆ ಹಿಟ್ಟು ಕಲಸಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ಸೌಟಿನಿಂದ ನೀರಿನ ಹಾಗೆ ಇಳಿಯುತ್ತದೆ. ಆಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಯಾಕೆಂದರೆ ಆ ಹಿಟ್ಟು ಹಸಿಯದು. ನೀರು ಸೇರಿಸದೆ ತೆಳುವಾಗುವುದರಿಂದ ಅದೇ 200 ಎಂಎಲ್‌ನಲ್ಲಿ ಜಾಸ್ತಿ ಶಕ್ತಿ ಹೋಗುತ್ತದೆ. ಮಕ್ಕಳಿಗೆ ರಾಗಿ ಸರಿ ಮಾಡುವ ನಮ್ಮ ಮನೆಗಳಿಗೆ ಇದು ಹೊಸದಲ್ಲ.

ಉಪ್ಪು ಮರೆಯಬೇಡಿ. ನಾಲಿಗೆಗೆ ತಾಗದ ಊಟಕ್ಕೆ ಉಪ್ಪು ಯಾಕೆ ಅಂತ ಬಿಟ್ಟುಬಿಡುತ್ತಾರೆ. ರಕ್ತದಲ್ಲಿ ಸೋಡಿಯಂ ಇಳಿದರೆ ಹಿರಿಯರು ಮಂಕಾಗುತ್ತಾರೆ, ಗೊಂದಲಕ್ಕೆ ಬೀಳುತ್ತಾರೆ. ಹೃದಯ, ಕಿಡ್ನಿ ತೊಂದರೆ ಇದ್ದವರು ಎಷ್ಟು ಅಂತ ಡಾಕ್ಟರನ್ನು ಕೇಳಿ ಹಾಕಿ.

ಇನ್ನು ಡಬ್ಬ. ಅಳತೆ ಸರಿಯಾಗಿ ಕಲಸಿದರೆ ಸಾಮಾನ್ಯವಾಗಿ ಒಂದು ಎಂಎಲ್‌ಗೆ ಒಂದು ಕ್ಯಾಲೊರಿ, ವಿಟಮಿನ್, ಖನಿಜ ಎಲ್ಲಾ ಲೆಕ್ಕ ಮಾಡಿ ಹಾಕಿರುತ್ತಾರೆ. ಪೈಪ್ ಕಟ್ಟಿಕೊಳ್ಳುವುದು ಕಮ್ಮಿ. ಮಾಡುವವರು ಬದಲಾದರೂ ಅಳತೆ ಅದೇ. ಸಣ್ಣ ಪೈಪ್ ಇದ್ದರೆ, ಹೊಟ್ಟೆ ದಾಟಿ ಕರುಳಿಗೆ ಹಾಕಿದ ಪೈಪ್ ಇದ್ದರೆ, ಅಥವಾ ರೋಗಿ ತೀರಾ ಬಡಕಲಾಗಿದ್ದರೆ ನಾನು ಪುಡಿಯೇ ಇರಲಿ ಅನ್ನುತ್ತೇನೆ. ಖರ್ಚೇ ತೊಡಕು. 100 ಗ್ರಾಂ ಪುಡಿಯಲ್ಲಿ 400ರಿಂದ 450 ಕ್ಯಾಲೊರಿ ಅಂದುಕೊಂಡರೆ 400 ಗ್ರಾಂ ಡಬ್ಬ ಸುಮಾರು 1,700 ಕ್ಯಾಲೊರಿ. ಪೂರ್ತಿ ಅದರಲ್ಲೇ ಬದುಕುವವರಿಗೆ ಒಂದು ದಿನ ಚಿಲ್ಲರೆ ಬರುತ್ತದೆ, ಅಷ್ಟೇ. ತಿಂಗಳಿಗೆ ಎಷ್ಟು ಡಬ್ಬ ಅಂತ ನೀವೇ ಗುಣಿಸಿ. ದುಬಾರಿಯಾಯಿತು ಅಂತ ಆರು ಚಮಚದ ಜಾಗದಲ್ಲಿ ಎರಡು ಚಮಚ ಹಾಕುವುದನ್ನು ನೋಡುತ್ತಿರುತ್ತೇನೆ. ಅದಕ್ಕಿಂತ ಮೇಲೆ ಹೇಳಿದ ಗಂಜಿಯೇ ಎಷ್ಟೋ ಮೇಲು. ಎರಡು ಡಬ್ಬ ಹೋಲಿಸುವಾಗ ಮುಂದಿನ ಚಿತ್ರ, ಬೆಲೆ ನೋಡಬೇಡಿ. ಹಿಂದೆ ತಿರುಗಿಸಿ 100 ಗ್ರಾಂಗೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ಅಂತ ನೋಡಿ, 1,000 ಕ್ಯಾಲೊರಿಗೆ ಎಷ್ಟು ದುಡ್ಡು ಬೀಳುತ್ತದೆ ಅಂತ ಲೆಕ್ಕ ಹಾಕಿ.

ಹೊರದೇಶಗಳಲ್ಲೂ ಈಗ ಗಾಳಿ ತಿರುಗಿದೆ. ದಶಕಗಳ ಕಾಲ ಡಬ್ಬದ್ದೇ ಸರಿ ಅನ್ನುತ್ತಿದ್ದ ಅಮೆರಿಕ, ಬ್ರಿಟನ್‌ಗಳಲ್ಲಿ ಮನೆಯೂಟವನ್ನು ರುಬ್ಬಿ ಪೈಪಿನಲ್ಲಿ ಕೊಡುವವರು ಹೆಚ್ಚಿದ್ದಾರೆ. ಆದರೆ ಅಲ್ಲಿ ಅದು ಬಹುಪಾಲು ಹೊಟ್ಟೆಯ ದಪ್ಪ ಪೈಪಿಗೆ, ಡಯಟೀಷಿಯನ್ ಲೆಕ್ಕದ ಮೇಲೆ. ಮೂಗಿನ ಸಪೂರ ಪೈಪಿಗೆ ರುಬ್ಬಿದ ಅನ್ನ-ಸಾಂಬಾರ್ ಹಾಕುವುದಕ್ಕೆ ಅದನ್ನು ಉದಾಹರಣೆ ಮಾಡಿಕೊಳ್ಳಬೇಡಿ.

ಬಹಳಷ್ಟು ಮನೆಗಳಿಗೆ ನಾನು ಹೇಳುವುದು ಮಿಶ್ರ ದಾರಿ: ಹಗಲು ಕೈ ಆಡುವ ಹೊತ್ತಿನಲ್ಲಿ ಮೂರು ನಾಲ್ಕು ಸಲ ಮನೆಯದು, ಉಳಿದಂತೆ ಎರಡು ಮೂರು ಸಲ ಪುಡಿ. ವಿಟಮಿನ್ ಖನಿಜಗಳ ಕೊರತೆ ತುಂಬುತ್ತದೆ, ಖರ್ಚು ಇಳಿಯುತ್ತದೆ, ಅತ್ತೆಗೂ ಸಮಾಧಾನ. ಮನೆಯಲ್ಲಿ ಮಾಡಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಫ್ರಿಜ್‌ನಲ್ಲಿಟ್ಟರೂ 24 ಗಂಟೆಯೊಳಗೆ ಮುಗಿಸಿ.

ಕಿಡ್ನಿ ರೋಗಿಗಳಿಗೆ ಈ ಲೆಕ್ಕ ಯಾವುದೂ ನೇರವಾಗಿ ಹೊಂದುವುದಿಲ್ಲ. ಡಯಾಲಿಸಿಸ್‌ಗೆ ಮುಂಚೆ ಪ್ರೋಟೀನ್ ಮಿತಿ ಮಾಡುತ್ತಾರೆ, ಡಯಾಲಿಸಿಸ್ ಶುರುವಾದ ಮೇಲೆ ಜಾಸ್ತಿ ಬೇಕು. ‘ತಂಪು’ ಅಂತ ಪೈಪಿನಲ್ಲಿ ಎಳನೀರು ಕೊಡುವುದು ಅವರಿಗೆ ಅಪಾಯ, ಅದರಲ್ಲಿ ಪೊಟ್ಯಾಸಿಯಂ ಬಹಳ. ವಾರಗಟ್ಟಲೆ ಏನೂ ತಿನ್ನದೆ ಸೊರಗಿದವರಿಗೂ ಒಂದೇ ದಿನ ಪೂರ್ತಿ ಕೊಡಬೇಡಿ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರ್ ಕುಸಿದು ಜೀವಕ್ಕೇ ತೊಂದರೆ ಆಗಬಹುದು. ಅವರಿಗೆ ರಕ್ತಪರೀಕ್ಷೆ ಮಾಡಿಸುತ್ತಾ ನಿಧಾನವಾಗಿ ಏರಿಸಬೇಕು.

ಗ್ಲೂಕೋಸ್ ಬಾಟಲಿ ಹಾಕಿಸಿದರೆ?

ಇದು ಊಟವಲ್ಲ. 5% ಗ್ಲೂಕೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, 100 ಕ್ಯಾಲೊರಿಗೂ ಕಮ್ಮಿ. ಪ್ರೋಟೀನ್ ಸೊನ್ನೆ. ರಕ್ತನಾಳದ ಮೂಲಕವೇ ಪೂರ್ತಿ ಪೋಷಣೆ ಕೊಡುವ ವಿಧಾನ ಬೇರೆ ಇದೆ, ಕರುಳು ಕೆಲಸ ಮಾಡದವರಿಗೆ ಅಥವಾ ಕರುಳಿನ ಬಹುಭಾಗ ತೆಗೆದವರಿಗೆ. ಅದಕ್ಕೆ ದೊಡ್ಡ ರಕ್ತನಾಳದಲ್ಲಿ ಲೈನ್, ಪಂಪ್, ಆಸ್ಪತ್ರೆಯಷ್ಟೇ ಶುಚಿ ಬೇಕು, ಸೋಂಕಾದರೆ ನೇರ ರಕ್ತಕ್ಕೆ. ನಮ್ಮಲ್ಲಿ ಮನೆಯಲ್ಲಿ ಇದನ್ನು ನಡೆಸುವವರು ಬಹಳ ಕಮ್ಮಿ. ಕರುಳು ಕೆಲಸ ಮಾಡುತ್ತಿದ್ದರೆ ಆ ದಾರಿ ಬೇಡ.

ಯಾರ ಕೈ?

ಏಜೆನ್ಸಿಯವರು ಕಳಿಸುವವರಲ್ಲಿ ಅಟೆಂಡರ್ ಬೇರೆ, ನರ್ಸ್ ಬೇರೆ. ಅಟೆಂಡರ್ ಪೈಪಿನಲ್ಲಿ ಊಟ ಕೊಡಬಹುದು, ಪೈಪ್ ಹಾಕುವುದು ಬದಲಿಸುವುದು ನರ್ಸ್ ಕೆಲಸ. ದುಡ್ಡು ಮಾತಾಡುವ ಮೊದಲೇ ಇದನ್ನು ಕೇಳಿ. ಬರುವವರು ಒಡಿಶಾ, ಜಾರ್ಖಂಡ್ ಕಡೆಯವರಾಗಿದ್ದರೆ ಮತ್ತು ರೋಗಿಗೆ ಕನ್ನಡ ಬಿಟ್ಟು ಬೇರೆ ಬಾರದಿದ್ದರೆ ‘ಹೊಟ್ಟೆ ಉಬ್ಬರ’, ‘ವಾಕರಿಕೆ’, ‘ಸಾಕು’ ಅನ್ನುವ ಮಾತುಗಳನ್ನು ಮೊದಲ ದಿನವೇ ಕಲಿಸಿಕೊಡಿ. ಇಲ್ಲದಿದ್ದರೆ ಸಾಕು ಅಂದದ್ದು ಅರ್ಥವಾಗದೆ 200 ಎಂಎಲ್ ಒಳಗೆ ಹೋಗಿಬಿಡುತ್ತದೆ.

ಯಾರೇ ಕೊಡಲಿ, ಕೊಡುವ ಮುಂಚೆ ಮೂಗಿನ ಹತ್ತಿರ ಪೈಪಿನ ಮೇಲೆ ಹಾಕಿದ ಗುರುತು ಅಲ್ಲೇ ಇದೆಯಾ ನೋಡಬೇಕು. ಜಾರಿದ್ದರೆ, ಕೆಮ್ಮು ಉಬ್ಬಸ ಇದ್ದರೆ ಕೊಡಬಾರದು. ಗಾಳಿ ಊದಿ ಹೊಟ್ಟೆಯಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ, ಪೈಪ್ ತಪ್ಪು ಜಾಗದಲ್ಲಿದ್ದರೂ ಸದ್ದು ಕೇಳಿಸುತ್ತದೆ. ಸಿರಿಂಜ್ ಒತ್ತಿ ನೂಕದೆ ಎತ್ತರಕ್ಕೆ ಹಿಡಿದು ತಾನಾಗಿ ಇಳಿಯಲು ಬಿಡಿ. ಮುಂಚೆ, ಆಮೇಲೆ 30 ಎಂಎಲ್ ನೀರು. ಮಾತ್ರೆಗಳನ್ನು ಗಂಜಿಗೆ ಕಲಸಬೇಡಿ, ಒಂದೊಂದನ್ನೇ ನೀರಿನಲ್ಲಿ ಕರಗಿಸಿ ಕೊಡಿ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಎಲ್, ಇಆರ್ ಅಂತ ಇರುವ ಮಾತ್ರೆ ಪುಡಿ ಮಾಡುವಂತಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಆಹಾರದ ಜೊತೆ ಹೋದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಎಷ್ಟು ಅಂತರ ಬಿಡಬೇಕು ಅಂತ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ.

ಪೈಪ್ ಹಾಕದಿರುವುದೂ ಒಂದು ಆಯ್ಕೆ

ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದು ಊಟ ಬಿಟ್ಟವರಿಗೆ ಪೈಪ್ ಹಾಕಿದರೆ ಆಯಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಅಮೆರಿಕದ ಹಿರಿಯರ ವೈದ್ಯರ ಸಂಘವೂ ಯುರೋಪಿನ ಪೋಷಣಾ ತಜ್ಞರ ಸಂಘವೂ ಅಂಥವರಿಗೆ ಪೈಪ್ ಬೇಡ, ಕೈತುತ್ತು ಸಾಕು ಅನ್ನುತ್ತವೆ. ತಿಂದಷ್ಟು, ಇಷ್ಟಪಟ್ಟಷ್ಟು, ನಿಧಾನವಾಗಿ. ‘ಹಸಿದುಕೊಂಡಿರಲು ಬಿಟ್ಟೆವಲ್ಲ’ ಅನ್ನುವ ಸಂಕಟ ಮಕ್ಕಳಿಗೆ ಇರುತ್ತದೆ, ಅದು ದೊಡ್ಡದು. ಆದರೆ ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಇಳಿಯುತ್ತದೆ, ಒತ್ತಾಯದಿಂದ ಕೊಟ್ಟರೆ ವಾಂತಿ, ಉಬ್ಬರ, ಉಸಿರಾಟದ ಕಷ್ಟವೇ ಜಾಸ್ತಿ. ತುಟಿ ಒದ್ದೆ ಮಾಡುವುದು, ಬಾಯಿ ಶುಚಿಯಾಗಿಡುವುದು ಆಗ ಮುಖ್ಯವಾದ ಆರೈಕೆ. ಮುಂದುವರಿದ ಕ್ಯಾನ್ಸರ್ ಆದರೆ ಮಾರತ್ತಹಳ್ಳಿ ಕಡೆಯ ಕರುಣಾಶ್ರಯದವರು ಉಚಿತವಾಗಿ ನೋಡಿಕೊಳ್ಳುತ್ತಾರೆ, ಮನೆಗೂ ಬರುತ್ತಾರೆ.

ಸರಿಹೋಗುತ್ತಿದೆಯಾ?

ನಿಲ್ಲೋಕೆ ಆಗದವರ ತೂಕ ನೋಡುವುದು ಕಷ್ಟ. ಟೈಲರ್ ಟೇಪ್ ತಗೊಳ್ಳಿ. ಭುಜದ ಮೂಳೆಯಿಂದ ಮೊಣಕೈವರೆಗಿನ ನಡುಭಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಅಲ್ಲಿ ತೋಳಿನ ಸುತ್ತಳತೆ ತಿಂಗಳಿಗೊಮ್ಮೆ ಅದೇ ಕೈಯಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ. ಇಳಿಯುತ್ತಾ ಹೋದರೆ ಕೊಡುತ್ತಿರುವುದು ಸಾಲುತ್ತಿಲ್ಲ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ನೀರಾಗಿ ಭೇದಿಯಾದರೆ ಗಂಜಿಯನ್ನು ದೂರುವ ಮೊದಲು ಪಾತ್ರೆ, ಸಿರಿಂಜ್ ಶುಚಿ, ಹೊಸದಾಗಿ ಶುರುವಾದ ಆ್ಯಂಟಿಬಯೋಟಿಕ್, ಸಿರಪ್‌ಗಳನ್ನು ನೋಡಿ. ಆ ಕ್ಯಾಲೆಂಡರನ್ನೇ ಮುಂದಿನ ಸಲ ಡಾಕ್ಟರ್ ಹತ್ತಿರ ತಗೊಂಡು ಹೋಗಿ, ಡಿಸ್ಚಾರ್ಜ್ ಕಾಗದದ ಆ ಒಂದು ಸಾಲಿನ ಜಾಗದಲ್ಲಿ ಏನು, ಎಷ್ಟು, ಎಷ್ಟು ಸಲ, ಮತ್ತೆ ಯಾವಾಗ ನುಂಗುವ ಪರೀಕ್ಷೆ ಅಂತ ಬರೆಸಿಕೊಳ್ಳಿ.